ನಾಲ್ಕು ಗುರುತು

ಫೆಬ್ರವರಿ 8, ಶನಿವಾರ

ತಂಗ್ಯಮ್ಮಾ,

ಔಷಧಿ ಕೌಂಟರಿನ ಮುಂದೆ ಇಪ್ಪತ್ತು ಜನ ನಿಂತಿದ್ದಾರೆ. ಅದರಲ್ಲೊಬ್ಬ ಅಜ್ಜ ನನ್ನ ಗಮನ ಸೆಳೆಯೋಕೆ ಕೆಮ್ಮಿ ಕೆಮ್ಮಿ ತೋರಿಸ್ತಿದ್ದಾನೆ. ಅವನ ಕೆಮ್ಮು ಅರ್ಧ ಸುಳ್ಳು. ಇರಲಿ, ನಿನಗೆ ಬರೆದ ಮೇಲೇ ಅವನಿಗೆ ಔಷಧಿ.

ಗಿಣಿಗೆ ಚಿಕನ್‌ಪಾಕ್ಸ್ ಅಂತ ಕೇಳಿ ನನಗೆ ಮೊದಲು ನಗು ಬಂತು, ಬೈಕೋಬೇಡ. ನಿನಗೆ ಅದು ಬಂದಾಗ ನಿನಗೂ ಏಳೇ ವರ್ಷ. ಎರಡೂ ಕೈಗೆ ಕಾಲುಚೀಲ ಹಾಕಿ ಕೂರಿಸಿದ್ದೆ. ನೀನು ಗೋಡೆಗೆ ಬೆನ್ನು ಉಜ್ಜಿ ಉಜ್ಜಿ ಸುಣ್ಣವನ್ನೆಲ್ಲ ಮೈಗೆ ಬಳ್ಕೊಂಡಿದ್ದೆ. ಗಿಣಿ ಯಾರ ಮಗಳು ಮತ್ತೆ!

ನಿಮ್ಮ ಡಾಕ್ಟರ್ ಬರೆದ ಚೀಟಿಯನ್ನ ನಮ್ಮ ದೊಡ್ಡ ಡಾಕ್ಟರಿಗೆ ತೋರಿಸಿದೆ. ಅದೇ ಸಿರಪ್ ಕೊಡು ಅಂದ್ರು, ತುಂಬಿಸಿ ಕಳಿಸ್ತಿದ್ದೀನಿ. ಆಂಟಿಹಿಸ್ಟಮಿನ್ ಅಂತಾರೆ ಇದಕ್ಕೆ. ಗುಳ್ಳೆ ವಾಸಿ ಮಾಡಲ್ಲ, ಅವು ಒಣಗೋ ಕಾಲಕ್ಕೆ ತಾವೇ ಒಣಗ್ತವೆ. ಇದು ತುರಿಕೆ ತಗ್ಗಿಸುತ್ತೆ, ಅಷ್ಟೆ. ಶೀಶೆ ಮೇಲೆ ಎಂದಿನ ಹಾಗೆ ಅಳತೆಗೆ ನನ್ನ ಹಲ್ಲುಪಟ್ಟಿ, ಅಂಚನ್ನ ಗರಗಸದ ಹಾಗೆ ಕತ್ತರಿಸಿದ ಕಾಗದ, ಅಂಟಿಸಿದ್ದೀನಿ. ಹಳೇ ಕ್ಯಾಲೆಂಡರ್ ಕತ್ತರಿಸಿ ಮಾಡಿದ್ದು ಅಂತ ಇಲ್ಲಿ ಹೊಸ ಹುಡುಗಿಯರು ನಗ್ತಾರೆ, ನಗಲಿ. ಒಂದು ಹಲ್ಲಿಂದ ಇನ್ನೊಂದು ಹಲ್ಲಿಗೆ ಒಂದು ಗುರುತು, ಒಂದು ಗುರುತು ಒಂದು ಹೊತ್ತಿಗೆ. ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು, ಮಲಗೋ ಮುಂಚೆ ಒಂದು. ಎಷ್ಟೇ ಕೆರ್ಕೊಂಡರೂ, ಎಷ್ಟೇ ಅತ್ತರೂ ಅದಕ್ಕಿಂತ ಒಂದು ತೊಟ್ಟು ಹೆಚ್ಚು ಬೇಡ. ಕುಡಿದರೆ ಮಂಪರು ಬರುತ್ತೆ, ಆದರೆ ನಿದ್ದೆ ಮಾಡಿಸೋಕೆ ಕೊಡೋ ಔಷಧಿ ಅಲ್ಲ ಇದು, ನೆನಪಿಟ್ಕೋ. ಉಗುರು ಕತ್ತರಿಸು. ಉಗುರುಬೆಚ್ಚಗಿನ ನೀರಲ್ಲಿ ಸ್ನಾನ ಮಾಡಿಸು. ಜ್ವರ ಬಂತು ಅಂತ ಮನೇಲಿರೋ ಆಸ್ಪಿರಿನ್ ಮಾತ್ರ ಕೊಟ್ಟುಗಿಟ್ಟೀಯ, ಜೋಕೆ. ಫೋನಲ್ಲಿ ಹೇಳಿದ್ದು ನಿನಗೆ ಈ ಕಿವೀಲಿ ಹೋಗಿ ಆ ಕಿವೀಲಿ ಬರುತ್ತೆ, ಅದಕ್ಕೇ ಬರೆದು ಕಳಿಸ್ತಿರೋದು.

ಗುರುವಾರ ನಿನ್ನ ಟೈಪಿಂಗ್ ಪರೀಕ್ಷೆ. ಹನ್ನೊಂದು ವರ್ಷ 'ತಾತ್ಕಾಲಿಕ' ಅನ್ನಿಸ್ಕೊಂಡು ಆ ಕಚೇರಿ ಮೂಲೇಲಿ ಕೂತಿದ್ದೀಯ, ಈ ಸಲ ಕಾಯಂ ಆಗದಿದ್ದರೆ ವಯಸ್ಸು ಮೀರುತ್ತೆ ಅಂದಿದ್ದೆ. ನಾನು ಬಂದು ಮಗು ಹತ್ತಿರ ಕೂರ್ತೀನಿ. ಒಂದು ಮಾತು ಹೇಳು ಸಾಕು, ಬುಧವಾರದ ಬಸ್ಸು ಹತ್ತುತೀನಿ.

ಅಜ್ಜನ ಕೆಮ್ಮು ಈಗ ನಿಜವಾಗೋಕೆ ಶುರುವಾಗಿದೆ. ನಿಲ್ಲಿಸ್ತೀನಿ.

ನಿನ್ನ ಅಕ್ಕ

&nbsp;

ಫೆಬ್ರವರಿ 10, ಸೋಮವಾರ

ಅಕ್ಕಾ,

ಶೀಶೆ ಒಡೆಯದೆ ಬಂತು. ಬಸ್ಸಿನವರ ಕೈಲೇ ಈ ಕಾಗದ ಕೊಡ್ತಿದ್ದೀನಿ.

ಕಾಲುಚೀಲ ಹಾಕಿದರೆ ಗಿಣಿ ಹಲ್ಲಲ್ಲಿ ಕಚ್ಚಿ ಎಳೆದು ಬಿಸಾಕ್ತಾಳೆ. ಬೆನ್ನು, ಹೊಟ್ಟೆ, ತಲೆಗೂದಲ ಒಳಗೆ, ಕಿವಿ ಹಿಂದೆ, ಎಲ್ಲಿ ನೋಡಿದರೂ ಗುಳ್ಳೆ. "ಅಮ್ಮ, ಒಂದೇ ಒಂದು ಸಲ ಕೆರ್ಕೋತೀನಿ, ಚಿಕ್ಕದಾಗಿ" ಅಂತ ಗೋಗರೀತಾಳೆ. ಔಷಧಿ ಕುಡಿದ ಮೇಲೆ ಸ್ವಲ್ಪ ಹೊತ್ತು ತಣ್ಣಗಿರ್ತಾಳೆ. ಆಮೇಲೆ ಮತ್ತೆ ಅದೇ ರಾಗ.

ನೀನು ಬರೋದು ಬೇಡಕ್ಕ. ನಿನಗೆ ಅಲ್ಲಿ ರಜೆ ಕೊಡಲ್ಲ, ಕೊಟ್ಟರೂ ಮುಖ ಊದಿಸ್ತಾರೆ. ಇವರ ಲಾರಿ ಬುಧವಾರ ಬರುತ್ತೆ, ಗುರುವಾರ ಪೂರ್ತಿ ಮನೇಲಿರ್ತಾರೆ. ಪ್ರತಿ ಸಲವೂ ನೀನೇ ಓಡಿಬಂದು ನನ್ನ ಸಂಸಾರ ಎತ್ತಿ ನಿಲ್ಲಿಸಬೇಕು ಅಂದರೆ ನನಗೂ ಒಂಥರಾ ಆಗುತ್ತೆ.

ನಿಮಿಷಕ್ಕೆ ನಲವತ್ತು ಪದ ಬೇಕು. ನಿನ್ನೆ ನಲವತ್ತಮೂರು ಬಂತು. ಹಿಂದೆ ಕೂತು ಅವಳು ಅಳ್ತಿದ್ದಳು, ಆದರೂ ಬಂತು.

ನಿನ್ನ ತಂಗಿ

&nbsp;

ಫೆಬ್ರವರಿ 17

ಅಕ್ಕಾ,

ಗಿಣಿ ಚೆನ್ನಾಗಿದ್ದಾಳೆ. ಇದನ್ನ ಮೊದಲು ಓದ್ಕೋ, ಆಮೇಲೆ ಉಳಿದದ್ದು.

ಗುರುವಾರ ಮಧ್ಯಾಹ್ನ ಔಷಧಿ ಕುಡಿದು ಮಲಗಿದವಳು ಏಳಲೇ ಇಲ್ಲ. ಅಲುಗಾಡಿಸಿದರೂ ಇಲ್ಲ, ಮುಖಕ್ಕೆ ನೀರು ಚಿಮುಕಿಸಿದರೂ ಇಲ್ಲ. ಉಸಿರು ಮಾತ್ರ ನಿಧಾನಕ್ಕೆ ಆಡ್ತಿತ್ತು. ಎತ್ಕೊಂಡು ಓಡಿದೆ. ಎರಡು ದಿನ ಆಸ್ಪತ್ರೇಲಿ ಇಟ್ಕೊಂಡಿದ್ದರು. ಶನಿವಾರ ಮನೆಗೆ ಬಂದ್ವಿ.

ಇವರ ಲಾರಿ ದಾರೀಲಿ ಕೆಟ್ಟು ಗುರುವಾರ ಬರೋಕಾಗಲಿಲ್ಲ. ನಾನು ಪರೀಕ್ಷೆಗೆ ಹೋಗಿದ್ದೆ. ಪಕ್ಕದ ಮನೆ ಅಜ್ಜಿ ಗಿಣಿ ಹತ್ತಿರ ಕೂತಿದ್ದರು.

ಆಸ್ಪತ್ರೆಯವರು ಶೀಶೆ ತರಿಸಿ ನೋಡಿದರು. ಅದರ ಮೇಲೆ ಅಳತೆ ಪಟ್ಟಿ ಇರಲಿಲ್ಲ. ನಾನು ಅಂದಾಜಿನ ಮೇಲೆ ಚಮಚದಲ್ಲಿ ಕುಡಿಸ್ತಿದ್ದೆ ಅಂತ ಹೇಳಿದೆ. ಶೀಶೆ ಅವರ ಹತ್ತಿರವೇ ಇದೆ. ನಿಮ್ಮ ಡಾಕ್ಟರಿಗೆ ಬರೀತಾರಂತೆ. ನಾನು ಬೇಡ ಅಂದೆ, ಕೇಳಲಿಲ್ಲ.

ನಿನ್ನ ತಪ್ಪು ಅಂತ ನಾನು ಯಾರಿಗೂ ಹೇಳಿಲ್ಲಕ್ಕ.

ತಂಗಿ

&nbsp;

ಮಾರ್ಚ್ 4

ತಂಗಿ,

ನಿನ್ನ ಮನೆಯಿಂದ ವಾಪಸ್ ಬಂದು ಹತ್ತು ದಿನ ಆಯ್ತು. ಆ ಎರಡು ದಿನ ಗಿಣಿ ನನ್ನ ತೊಡೆ ಬಿಟ್ಟು ಇಳೀಲಿಲ್ಲ. ಒಣಗಿದ ಹಕ್ಕಳೆ ಎಣಿಸಿ ಎಣಿಸಿ ಮೂವತ್ತೆಂಟಕ್ಕೆ ತಂದು ನಿಲ್ಲಿಸಿದಳು. ನೀನು ಮಾತ್ರ ನನ್ನ ಮುಖ ನೋಡಿ ಒಂದು ಮಾತಾಡಲಿಲ್ಲ. ಅಡುಗೆಮನೇಲಿ ಪಾತ್ರೆ ತೊಳೆದದ್ದೇ ತೊಳೆದದ್ದು. ಕೋಪ ಬಂದಿರಬೇಕು ಅಂದ್ಕೊಂಡೆ. ಬರದೆ ಏನು? ನಾನು ನಿನ್ನ ಜಾಗದಲ್ಲಿದ್ದರೆ ಒಳಗೇ ಬಿಟ್ಕೋತಿರಲಿಲ್ಲ.

ಆಸ್ಪತ್ರೆಯಿಂದ ಕಾಗದ ಬಂತು. 'ಅಳತೆಯ ಗುರುತಿಲ್ಲದ ಶೀಶೆಯಲ್ಲಿ ಮಗುವಿಗೆ ಮಂಪರು ತರುವ ಔಷಧಿ ಕೊಡಲಾಗಿದೆ' ಅಂತ ಬರೆದಿದ್ದಾರೆ. ದೊಡ್ಡ ಡಾಕ್ಟರು ಕರೆದು, ಪಟ್ಟಿ ಅಂಟಿಸಿದ್ದೆಯಾ ಇಲ್ಲವಾ ಅಂತ ಕೇಳಿದರು. ಇಪ್ಪತ್ತೆರಡು ವರ್ಷದಿಂದ ಅಂಟಿಸ್ತಿದ್ದೀನಿ ಸರ್ ಅಂದೆ. ಅದು ಗೊತ್ತು, ಆ ಶೀಶೆಗೆ ಅಂಟಿಸಿದ್ದು ನೆನಪಿದೆಯಾ ಅಂದರು. ಎಲ್ಲಿಂದ ನೆನಪಿರಬೇಕು? ಮೊನ್ನೆ ಹಲ್ಲುಜ್ಜಿದ್ದು ಯಾರಿಗಾದರೂ ನೆನಪಿರುತ್ತಾ? ಅಂಟಿಸಿದ್ದೆ ಅಂತ ಬಾಯಿತುದಿಗೆ ಬಂದಿತ್ತು, ಸುಳ್ಳಾದರೆ ಅಂತ ಹೆದರಿ "ನೆನಪಿಲ್ಲ" ಅಂದುಬಿಟ್ಟೆ. ನೆನಪಿಲ್ಲ ಅನ್ನೋಳನ್ನ ಕೌಂಟರಲ್ಲಿ ಹೇಗೆ ಕೂರಿಸಲಿ ಹೇಳು ಅಂದರು. ಅವರು ಅಂದಿದ್ದು ನ್ಯಾಯವೇ.

ಒಂದು ಉಪಕಾರ ಮಾಡು. ಶೀಶೆ ಜೊತೆ ನಿನಗೊಂದು ಕಾಗದ ಕಳಿಸಿದ್ದೆ. ಅವಸರದಲ್ಲಿ ಗೀಚಿದ್ದು, ಏನು ಬರೆದೆ ಅಂತ ನೆನಪಿಲ್ಲ, ಯಾವನೋ ಅಜ್ಜ ಕೆಮ್ಮುತಿದ್ದದ್ದು ಮಾತ್ರ ನೆನಪಿದೆ. ಅದರಲ್ಲಿ ಪಟ್ಟಿ ವಿಷಯ ಬರೆದಿದ್ದೆನಾ? ಬರೆದಿದ್ದರೆ ಆ ಕಾಗದ ಕಳಿಸು. ಬರೆದಿಲ್ಲದಿದ್ದರೆ ಹಾಗಂತಲೇ ಹೇಳು, ನನಗೂ ಒಂದು ಖಾತ್ರಿಯಾಗುತ್ತೆ.

ಗಿಣಿಗೆ ಆದದ್ದನ್ನ ದಿನಾ ನೆನೆಸ್ಕೋತೀನಿ. ಕ್ಷಮಿಸು ಅಂತ ಕೇಳೋಕೂ ನಾಚಿಕೆಯಾಗುತ್ತೆ. ಆದರೂ ಕೇಳ್ತಿದ್ದೀನಿ.

ಅಕ್ಕ

&nbsp;

ಮಾರ್ಚ್ 11

ಅಕ್ಕಾ,

ಆ ಕಾಗದ ಎಲ್ಲೂ ಸಿಗಲಿಲ್ಲ. ಆಸ್ಪತ್ರೆ ಗಡಿಬಿಡೀಲಿ ಕಳೆದುಹೋಗಿರಬೇಕು. ಪಟ್ಟಿ ವಿಷಯ ಇದ್ದ ಹಾಗೆ ನನಗೂ ನೆನಪಿಲ್ಲ.

ಆದದ್ದಾಯ್ತು, ತಲೆ ಕೆಡಿಸ್ಕೋಬೇಡ. ಗಿಣಿ ಶಾಲೆಗೆ ಹೋಗ್ತಿದ್ದಾಳೆ.

ಕೆಲಸ ಜಾಸ್ತಿ ಇದೆ, ಅದಕ್ಕೇ ಚುಟುಕಾಗಿ ಬರೆದೆ.

ತಂಗಿ

&nbsp;

ಮಾರ್ಚ್ 27

ತಂಗಿ,

ನಿನ್ನ ಗಂಡ ಫೋನ್ ಮಾಡಿ ನೀನು ಕಾಯಂ ಆದ ಸುದ್ದಿ ಹೇಳಿದರು. ಪಟ್ಟೀಲಿ ಎರಡನೇ ಹೆಸರಂತೆ! ಭಲೇ! ಇಂಥ ಸುದ್ದಿ ನನಗೆ ನೀನು ಹೇಳಬೇಡವೇನೇ? ನನ್ನ ಮೇಲಿನ ಕೋಪಕ್ಕೆ ಸಂತೋಷವನ್ನೂ ಬಚ್ಚಿಡ್ತೀಯಾ? ಮಗು ಮೈತುಂಬ ಗುಳ್ಳೆ ಇಟ್ಕೊಂಡು ಮಲಗಿದ್ದಾಗ ಹೋಗಿ ಪಾಸಾಗಿ ಬಂದಿದ್ದೀಯ. ನಮ್ಮ ಮನೇಲಿ ಯಾರಿಗಿತ್ತು ಈ ಗಟ್ಟಿತನ!

ನನ್ನ ಸಮಾಚಾರ ಕೇಳ್ತೀಯಾದರೆ ನಾನೀಗ ಹಿಂದಿನ ಕೋಣೇಲಿ ಶೀಶೆ ತೊಳೀತೀನಿ. ಕಿಟಕಿ ಒಂದಿದೆ, ಅದರಾಚೆ ಗೋಡೆ ಇದೆ, ಚೆನ್ನಾಗಿದೆ. ಕೌಂಟರಲ್ಲಿ ಹೊಸ ಹುಡುಗಿ. ಒಳ್ಳೇಳು, ಆದರೆ ಜನರನ್ನ ಗದರಿಸೋಕೆ ಬರಲ್ಲ, ಸಾಲು ಹಾವಿನ ಹಾಗೆ ಗೇಟಿನ ತನಕ ಹೋಗುತ್ತೆ. ಹಳೇ ರೋಗಿಗಳು ಕೋಣೆಗೆ ಇಣುಕಿ "ಇಲ್ಲೇನಮ್ಮಾ ಮಾಡ್ತಿದ್ದೀರ?" ಅಂತಾರೆ. ವಯಸ್ಸಾಯ್ತಲ್ಲಪ್ಪ, ಕೂತು ಮಾಡೋ ಕೆಲಸ ಕೇಳಿ ಇಸ್ಕೊಂಡೆ ಅಂತೀನಿ. ಶೀಶೆ ತೊಳೆಯೋದು ನಿಂತು ಮಾಡೋ ಕೆಲಸ, ಅದು ಅವರಿಗೂ ಕಾಣುತ್ತೆ.

ಕೆಲಸ ಹೋದದ್ದಕ್ಕಲ್ಲ ನನಗೆ ಸಂಕಟ. ನನ್ನ ಕೈ ಮೇಲೆ ನನಗೇ ನಂಬಿಕೆ ಹೋಗಿದೆ. ಬೀಗ ಹಾಕಿ ಬೀದಿ ತುದಿ ತನಕ ಹೋಗಿ ವಾಪಸ್ ಬಂದು ಎಳೆದು ನೋಡ್ತೀನಿ. ಒಲೆ ಆರಿಸಿದೆನಾ ಅಂತ ಮೂರು ಸಲ. ಸಾರಿಗೆ ಉಪ್ಪು ಹಾಕಿ, ಹಾಕಿಲ್ಲ ಅಂತ ಮತ್ತೆ ಹಾಕಿ ಚೆಲ್ಲಿದ್ದೀನಿ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡ್ಕೊಂಡನಂತೆ. ನಾನು ಕದ್ದೆನೋ ಇಲ್ಲವೋ ಅದೇ ಗೊತ್ತಿಲ್ಲ, ದಿನವಿಡೀ ಹೆಗಲು ಮುಟ್ಟಿ ನೋಡ್ಕೊಳ್ಳೋದೇ ಆಗಿದೆ. ಇಪ್ಪತ್ತೆರಡು ವರ್ಷದಲ್ಲಿ ಇನ್ನೆಷ್ಟು ಶೀಶೆ ಹೀಗೆ ಬೋಳಾಗಿ ಕೊಟ್ಟಿದ್ದೀನೋ, ಯಾರ ಮನೆ ಮಗು ಏನಾಯ್ತೋ, ಯಾರು ಬಂದು ಹೇಳ್ತಾರೆ?

ತಿಂಗಳ ಕೊನೆಗೆ ಕೆಲಸ ಬಿಡ್ತೀನಿ ಅಂತ ದೊಡ್ಡ ಡಾಕ್ಟರಿಗೆ ಹೇಳಿದೆ. ಮೇ ತನಕ ಯೋಚನೆ ಮಾಡು ಅಂದಿದ್ದಾರೆ. ಯೋಚನೆ ಮಾಡೋಕೇನಿದೆ?

ನೀನು ಮಾತ್ರ ಹೊಸ ಮೇಜಲ್ಲಿ ನೆಟ್ಟಗೆ ಕೂತ್ಕೋ. ಬೆನ್ನು ಬಗ್ಗಿಸಬೇಡ.

ನಿನ್ನ ಅಕ್ಕ

&nbsp;

ಏಪ್ರಿಲ್ 2

ಗಿಣಿಮರಿಗೆ ದೊಡ್ಡಮ್ಮನ ಮುತ್ತು.

ಈ ಕಾಗದ ನಿನಗೇ. ದೊಡ್ಡ ಅಕ್ಷರದಲ್ಲಿ ಬರೆದಿದ್ದೀನಿ, ನೀನೇ ಓದು. ಗೊತ್ತಾಗದಿದ್ದರೆ ಅಮ್ಮನ್ನ ಕೇಳು.

ಮೈ ಮೇಲೆ ಕಲೆ ಉಳಿದಿದೆಯಾ? ಹೋಗುತ್ತೆ. ನಿಮ್ಮಮ್ಮನ ಗಲ್ಲದ ಮೇಲೆ ಒಂದು ಉಳಿದಿದೆ ನೋಡು, ಕೆರೀಬೇಡ ಅಂದರೆ ಕೇಳದೆ ಉಳಿಸ್ಕೊಂಡದ್ದು.

ನಿನಗೆ ಆಸ್ಪತ್ರೇಲಿ ಸೂಜಿ ಚುಚ್ಚಿದರಲ್ಲ, ಅದು ದೊಡ್ಡಮ್ಮನಿಂದ ಆದದ್ದು. ದೊಡ್ಡಮ್ಮ ಔಷಧಿ ಶೀಶೆಗೆ ಅಳತೆ ಪಟ್ಟಿ ಅಂಟಿಸೋದು ಮರೆತುಬಿಟ್ಟಳು. ದೊಡ್ಡವರೂ ತಪ್ಪು ಮಾಡ್ತಾರೆ. ಮಾಡಿದರೆ ಕ್ಷಮಿಸು ಅಂತ ಕೇಳಬೇಕು, ಅದಕ್ಕೇ ಕೇಳ್ತಿದ್ದೀನಿ. ನನ್ನ ಮೇಲೆ ಸಿಟ್ಟು ಮಾಡ್ಕೋಬೇಡ, ಆಯ್ತಾ ಪುಟ್ಟ?

ನಿನ್ನ ದೊಡ್ಡಮ್ಮ

&nbsp;

ಏಪ್ರಿಲ್ 9

ಅಕ್ಕಾ,

ನಿನ್ನ ಕಾಗದವನ್ನ ಗಿಣಿ ಬಾಗಿಲ ಹತ್ತಿರ ನಿಂತು ಗಟ್ಟಿಯಾಗಿ ಓದಿದಳು. ನಾನು ಬಟ್ಟೆ ಮಡಚ್ತಾ ಇದ್ದೆ. "ಕ್ಷಮಿಸು" ಓದೋಕೆ ಬರದೆ ಮೂರು ಸಲ ತಡವರಿಸಿದಳು. ಕೊನೆಗೆ ನಾನೇ ಆ ಪದ ಹೇಳಿಕೊಡಬೇಕಾಯ್ತು. ಪೂರ್ತಿ ಓದಿ, "ಅಮ್ಮ, ದೊಡ್ಡಮ್ಮ ಯಾಕೆ ಹೀಗೆ ಬರೆದಿದ್ದಾರೆ? ಶೀಶೆ ಮೇಲೆ ಪಟ್ಟಿ ಇತ್ತಲ್ಲ. ಇಪ್ಪತ್ತು ಮೆಟ್ಟಿಲು ಇತ್ತು, ನಾನು ಎಣಿಸಿದ್ದೆ" ಅಂದಳು. ನಿನಗೆ ಜ್ವರ ಇತ್ತು, ಕನಸು ಕಂಡಿರ್ತೀಯ ಅಂದೆ. ಅವಳು ಕಾಗದ ಮಡಚಿದಳು. ಆಮೇಲೆ "ಹೌದಾ?" ಅಂದಳು. ಆ "ಹೌದಾ" ಕೇಳಿದ ಮೇಲೆ ನನಗೆ ತಡ್ಕೊಳ್ಳೋಕಾಗ್ತಿಲ್ಲ. ನಿನ್ನ ಕೈ ಮೇಲಿನ ನಂಬಿಕೆ ಕೆಡಿಸಿದ್ದು ಸಾಲದು ಅಂತ ಏಳು ವರ್ಷದ ಮಗುವಿಗೆ ಅವಳ ಕಣ್ಣಿನ ಮೇಲಿನ ನಂಬಿಕೆ ಕೆಡಿಸೋಕೆ ಹೊರಟಿದ್ದೀನಿ.

ಪಟ್ಟಿ ಇತ್ತಕ್ಕ.

ಗುರುವಾರ ಬೆಳಿಗ್ಗೆ ಇವರು ಲಾರಿ ಕೆಟ್ಟಿದೆ ಅಂತ ಫೋನ್ ಮಾಡಿದರು. ನಿನ್ನನ್ನ ಕರೆಯೋಕೆ ಹೊತ್ತು ಮೀರಿತ್ತು. ಪಕ್ಕದ ಮನೆ ಅಜ್ಜಿ ಬಾಗಿಲಿಗೆ ಹೋದೆ. ಕದ ತಟ್ಟೋಕೆ ಕೈ ಎತ್ತಿದೆ, ತಟ್ಟಲಿಲ್ಲ. ಬೇಡ ಅಂದುಬಿಟ್ಟರೆ ನಾನು ಮನೇಲೇ ಉಳೀಬೇಕಾಗ್ತಿತ್ತು. ಕೇಳದೇ ಇದ್ದರೆ ಹೋಗಬಹುದಿತ್ತು. ಹೀಗೂ ಯೋಚನೆ ಮಾಡ್ತಾರಾ ಅಂತ ನೀನು ಕೇಳ್ತೀಯ. ನಾನು ಮಾಡಿದೆ.

ಮಧ್ಯಾಹ್ನ ಹನ್ನೆರಡೂವರೆಗೆ ಎರಡು ಗುರುತು ಕುಡಿಸಿದೆ. ಮಲಗಲಿಲ್ಲ. ತುರಿಕೆ ಅಂತ ಕಾಲು ಬಡೀತಾ ಇದ್ದಳು. ಗಡಿಯಾರ ನೋಡಿದೆ. ಇನ್ನೆರಡು ಕುಡಿಸಿದೆ. ಬೆಳಗಿನದನ್ನ ಬಿಟ್ಟು ನಾಲ್ಕು ಗುರುತು, ಒಂದೇ ಹೊತ್ತಿಗೆ. "ಅಮ್ಮ, ಇವತ್ತು ಜಾಸ್ತಿ ಕೊಡ್ತಿದ್ದೀಯ" ಅಂದಳು. ಬೇಗ ವಾಸಿಯಾಗಲಿ ಅಂತ ಅಂದೆ. ತುರಿಕೆಗೆ ಕೊಡಲಿಲ್ಲ ಅಕ್ಕ. ನಿದ್ದೆಗೇ ಕೊಟ್ಟೆ. ಬೇಡ ಅಂತ ನೀನು ಬರೆದಿದ್ದೆಯಲ್ಲ, ಅದನ್ನ ಓದಿದ್ದರಿಂದಲೇ ನನಗೆ ಆ ಉಪಾಯ ಹೊಳೆದದ್ದು.

ಮಲಗಿದ ಮೇಲೆ ಹೊರಗಿನಿಂದ ಬೀಗ ಹಾಕಿ ಹೋದೆ. ಪರೀಕ್ಷೇಲಿ ಬೆರಳು ಒಂದು ಸಲವೂ ತಪ್ಪಲಿಲ್ಲ. ಅಷ್ಟು ಚೆನ್ನಾಗಿ ನಾನು ಯಾವತ್ತೂ ಟೈಪ್ ಮಾಡಿಲ್ಲ. ನಾಲ್ಕೂವರೆಗೆ ವಾಪಸ್ ಬಂದು ಬೀಗ ತೆಗೆದೆ. ಆಮೇಲಿನದು ನಿನಗೆ ಗೊತ್ತು.

ಆಸ್ಪತ್ರೇಲಿ ಶೀಶೆ ತಾ ಅಂದರು. ಮನೆಗೆ ಬಂದು ಶೀಶೆ ನೋಡಿದೆ. ಪಟ್ಟಿ ಇದ್ದರೆ ಲೆಕ್ಕಕ್ಕಿಂತ ಎಷ್ಟು ಗುರುತು ಹೆಚ್ಚು ಖಾಲಿಯಾಗಿದೆ ಅಂತ ಯಾರು ಬೇಕಾದರೂ ಎಣಿಸ್ತಾರೆ. ಪಾತ್ರೆಗೆ ನೀರು ಹಾಕಿ ನೆನೆಸಿಟ್ಟೆ. ಅಂಟು ಗಟ್ಟಿ ಇತ್ತು, ಬೇಗ ಬಿಡಲಿಲ್ಲ. ಉಗುರಲ್ಲಿ ಕೆರೆದೆ. ಒರೆಸಿ ತಗೊಂಡು ಹೋಗಿ ಕೊಟ್ಟೆ. ನಿನ್ನ ಕಾಗದವೂ ಕಳೆದಿಲ್ಲ. ನನ್ನ ಟ್ರಂಕಿನಲ್ಲಿ ಸೀರೆ ಕೆಳಗೆ ಇದೆ.

ನೀನು ಮನೆಗೆ ಬಂದಾಗ ಹೇಳಬೇಕಿತ್ತು. ನೀನು ನನ್ನ ಮಗಳನ್ನ ತೊಡೆ ಮೇಲೆ ಕೂರಿಸ್ಕೊಂಡು, "ನನ್ನಿಂದ ಹೀಗಾಯ್ತಲ್ಲೇ" ಅಂತ ಕಣ್ಣೀರು ಹಾಕ್ತಿದ್ದರೆ ನಾನು ಪಾತ್ರೆ ತೊಳೀತಿದ್ದೆ. ಒಂದೇ ಪಾತ್ರೆ, ಮತ್ತೆ ಮತ್ತೆ. ಕೋಪ ಅಂದ್ಕೊಂಡೆ ನೀನು. ಮುಖ ತೋರಿಸೋಕೆ ಮುಖವೇ ಇರಲಿಲ್ಲ ನನಗೆ. ಥೂ, ನನ್ನ ಜನ್ಮಕ್ಕಿಷ್ಟು.

ಕಾಯಂ ಆದ ದಿನ ಕಚೇರೀಲಿ ಎಲ್ಲರೂ ಚಪ್ಪಾಳೆ ತಟ್ಟಿದರು. ಬಚ್ಚಲಿಗೆ ಹೋಗಿ ಮುಖ ತೊಳ್ಕೊಂಡೆ. ತೊಳ್ಕೊಂಡು ಬಂದು ಸಹಿ ಹಾಕಿದೆ.

ಅಕ್ಕಾ, ಇದನ್ನ ದೊಡ್ಡ ಡಾಕ್ಟರಿಗೆ ತೋರಿಸಬೇಡ. ಕಾಯಂ ಆದರೂ ಮೊದಲ ಒಂದು ವರ್ಷ ಪ್ರೊಬೇಷನ್, ಕಚೇರಿಗೆ ಗೊತ್ತಾದರೆ ತೆಗೆದು ಹಾಕ್ತಾರೆ. ಮಗುವನ್ನ ಹೀಗೆ ಮಾಡಿದ್ದಕ್ಕೆ ಕೇಸೂ ಆಗಬಹುದು. ಇವರಿಗೂ ಗೊತ್ತಿಲ್ಲ. ನಿನಗೊಬ್ಬಳಿಗೆ ಹೇಳಿದ್ದೀನಿ. ಕಾಲಿಗೆ ಬೀಳ್ತೀನಿ.

ತಂಗಿ

&nbsp;

ಏಪ್ರಿಲ್ 22

ಕಾಗದ ತಲುಪಿತು. ಎರಡು ವಾರ ಉತ್ತರ ಬರೀಲಿಲ್ಲ, ಯಾಕಂದರೆ ಬರೆದದ್ದನ್ನೆಲ್ಲ ಹರಿದು ಹಾಕಬೇಕಾಯ್ತು.

ನಾನು ಯಾರಿಗೂ ತೋರಿಸಲ್ಲ. ನಿನ್ನ ತಪ್ಪನ್ನ ಹೊತ್ಕೊಂಡು ಹೋಗಿ ಇನ್ನೊಬ್ಬರ ಮೇಜಿನ ಮೇಲಿಡೋದು ನನ್ನ ಕೆಲಸ ಅಲ್ಲ. ಬಚ್ಚಿಡೋದೂ ಅಲ್ಲ. ದೊಡ್ಡ ಡಾಕ್ಟರು ಕೇಳಿದರೆ ನನಗೆ ಗೊತ್ತಿರೋದನ್ನ ಹೇಳ್ತೀನಿ. ಅವರು ಕೇಳೋಲ್ಲ, ಯಾಕಂದರೆ ತಪ್ಪು ನನ್ನದೇ ಅಂತ ಅವರಿಗೆ ಖಾತ್ರಿಯಾಗಿದೆ. ನನಗೇ ಖಾತ್ರಿಯಾಗಿತ್ತು.

ಮೇ ಹತ್ತಕ್ಕೆ ನನ್ನ ಕೆಲಸ ಮುಗಿಯುತ್ತೆ. ಗಿಣಿಗೆ ಪಟ್ಟಿ ಇತ್ತು ಅಂತ ಹೇಳು. ಅದನ್ನ ಇವತ್ತೇ ಹೇಳು.

ಅಕ್ಕ

&nbsp;

ಮೇ 5

ಇವರಿಗೆ:
ಮುಖ್ಯ ವೈದ್ಯರು

ಮಾನ್ಯರೇ,

ನಾನು ತಮ್ಮ ಚಿಕಿತ್ಸಾಲಯದ ಕಂಪೌಂಡರ್ ಅವರ ತಂಗಿ. ಫೆಬ್ರವರಿ 8ರಂದು ಅವರು ನನ್ನ ಮಗಳ ತುರಿಕೆಗಾಗಿ ಕಳಿಸಿದ ಶೀಶೆಯ ಮೇಲೆ ಅಳತೆಯ ಪಟ್ಟಿ ಸರಿಯಾಗಿಯೇ ಅಂಟಿಸಲಾಗಿತ್ತು. ಅದನ್ನು ಫೆಬ್ರವರಿ 13ರ ಸಂಜೆ ನೀರಿನಲ್ಲಿ ನೆನೆಸಿ ಕಿತ್ತವಳು ನಾನು.

ಔಷಧಿಯನ್ನು ಹೇಗೆ ಕೊಡಬೇಕು, ಎಷ್ಟು ಕೊಡಬಾರದು ಎಂದು ಅವರು ಬರೆದ ಕಾಗದವನ್ನು ಇದರೊಂದಿಗೆ ಇಟ್ಟಿದ್ದೇನೆ. ಅದನ್ನು ಓದಿಯೇ, ಗೊತ್ತಿದ್ದೂ, ಒಂದು ಗುರುತಿನ ಬದಲು ನಾಲ್ಕು ಗುರುತು ಕುಡಿಸಿದೆ. ಮಗು ಮಲಗಲಿ, ನಾನು ಪರೀಕ್ಷೆಗೆ ಹೋಗಬೇಕು ಎಂಬುದೊಂದೇ ಕಾರಣ. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಬೀಗ ಹಾಕಿ ಹೋಗಿದ್ದೆ. ಅಜ್ಜಿಯೊಬ್ಬರು ಜೊತೆಗಿದ್ದರು ಎಂದು ಆಸ್ಪತ್ರೆಯಲ್ಲಿ ಹೇಳಿದ್ದು ಸುಳ್ಳು. ನನ್ನ ಅಕ್ಕ ಬರೆದ ಆ ಕಾಗದ ತಮ್ಮ ಬಳಿ ಇಲ್ಲದ್ದರಿಂದ ಅವರು ಮೂರು ತಿಂಗಳು ತಪ್ಪಿತಸ್ಥರಾಗಿದ್ದರು. ಕಳೆದುಹೋಯಿತು ಎಂದು ಅವರಿಗೂ ಸುಳ್ಳು ಹೇಳಿದ್ದೆ.

ಇದರ ಪ್ರತಿಯನ್ನು ಮಗುವಿಗೆ ಚಿಕಿತ್ಸೆ ಕೊಟ್ಟ ಆಸ್ಪತ್ರೆಗೂ ಕಳಿಸಿದ್ದೇನೆ. ನನ್ನ ಪತಿಗೆ ನಿನ್ನೆ ಹೇಳಿದ್ದೇನೆ. ಮುಂದಿನ ಕ್ರಮ ತಮಗೆ ಬಿಟ್ಟದ್ದು. ನನಗೆ ಯಾವ ವಿನಾಯಿತಿಯನ್ನೂ ಕೇಳುತ್ತಿಲ್ಲ. ಹತ್ತನೇ ತಾರೀಕಿನ ಒಳಗೆ ಇದು ತಮ್ಮ ಕೈ ಸೇರಲಿ ಎಂದು ಖುದ್ದಾಗಿ ಬಂದು ಗೇಟಿನಲ್ಲಿ ಕೊಟ್ಟು ಹೋಗುತ್ತಿದ್ದೇನೆ.

ತಮ್ಮ ವಿಶ್ವಾಸಿ ಎಂದು ಬರೆಯಲು ನನಗೆ ಮುಖವಿಲ್ಲ.

ಮಗುವಿನ ತಾಯಿ

&nbsp;

ಮೇ 19

ತಂಗಿ,

ನೀನು ಗೇಟಿನ ತನಕ ಬಂದು ಹೋದೆ ಅಂತ ಕಾವಲುಗಾರ ಹೇಳಿದ. ನಾನು ಹಿಂದಿನ ಕೋಣೇಲಿದ್ದೆ. ಕರೀಲಾ ಅಂತ ಅವನು ಕೇಳಿದ್ದಕ್ಕೆ ನೀನು ಬೇಡ ಅಂದೆಯಂತೆ. ಒಳ್ಳೇದು ಮಾಡಿದೆ. ಅವತ್ತು ನಿನ್ನ ಮುಖ ನೋಡಿದ್ದರೆ ಏನು ಅಂದುಬಿಡ್ತಿದ್ದೆನೋ.

ದೊಡ್ಡ ಡಾಕ್ಟರು ನಿನ್ನ ಕಾಗದವನ್ನ ಎರಡು ಸಲ ಓದಿ, ನನ್ನನ್ನ ಕರೆದು, ಎದ್ದು ನಿಂತರು. ಅವರು ಎದ್ದು ನಿಂತದ್ದನ್ನ ನಾನು ಹಿಂದೆ ಯಾವತ್ತೂ ನೋಡಿಲ್ಲ. "ಅಮ್ಮಾ, ನಾನು ನಿಮ್ಮ ಮಾತು ಕೇಳಬೇಕಿತ್ತು" ಅಂದರು. ನಾನೇ ಏನೂ ಹೇಳಿರಲಿಲ್ಲವಲ್ಲ ಸರ್ ಅಂದೆ. ಹೋದ ಸೋಮವಾರದಿಂದ ಕೌಂಟರಲ್ಲಿದ್ದೀನಿ. ಮೊದಲನೇ ಶೀಶೆಗೆ ಪಟ್ಟಿ ಅಂಟಿಸಿ ನಾಲ್ಕು ಸಲ ತಿರುಗಿಸಿ ನೋಡಿದೆ. ಸಾಲಲ್ಲಿದ್ದ ಒಬ್ಬ ಹೆಂಗಸು "ಏನಮ್ಮಾ, ಶೀಶೆಗೆ ಮದುವೆ ಮಾಡ್ತೀರಾ?" ಅಂದಳು. ಗದರಿಸಿದೆ. ಗದರಿಸಿ ಎಷ್ಟು ದಿನ ಆಗಿತ್ತು! ಹಾಯಾಯ್ತು. ಆದರೂ ಇನ್ನೂ ಬೀಗ ಎಳೆದು ನೋಡ್ತೀನಿ. ಅದು ಬಿಡುತ್ತೋ ಇಲ್ಲವೋ ಗೊತ್ತಿಲ್ಲ.

ಆಸ್ಪತ್ರೆಯವರು ನಿನ್ನನ್ನ ಕರೆದು ಮಾತಾಡ್ತಾರಂತೆ. ಹೋಗು. ಕೇಳಿದ್ದಕ್ಕೆಲ್ಲ ನಿಜ ಹೇಳು. ನಿನ್ನ ಕಚೇರಿಗೆ ದೊಡ್ಡ ಡಾಕ್ಟರು ಬರೆಯಲ್ಲವಂತೆ. ಕೇಳಿದ್ದು ನಾನಲ್ಲ, ಅವರೇ ಹೇಳಿದರು.

ಈಗ ನನ್ನ ಮಾತು ಕೇಳು. ಗಿಣಿಗೆ ನಾಲ್ಕು ಗುರುತು ಕುಡಿಸಿದ್ದಕ್ಕೆ ನಿನ್ನನ್ನ ಬೈಯೋಕೆ ನನಗೆ ಬಾಯಿ ಬರಲ್ಲ. ಹನ್ನೊಂದು ವರ್ಷ ಕಾದ ಪರೀಕ್ಷೆ, ಅಳೋ ಮಗು, ಕೈಗೆ ಸಿಕ್ಕಿದ ಶೀಶೆ. ಆ ಹೊತ್ತಲ್ಲಿ ನಾನಿದ್ದರೆ ಏನು ಮಾಡ್ತಿದ್ದೆನೋ ಯಾರಿಗೆ ಗೊತ್ತು. ದೇವರು ದೊಡ್ಡವನು, ಮಗು ಉಳೀತು. ಆದರೆ ನನ್ನ ಅಂಟು ನನಗೆ ಗೊತ್ತು ಕಣೆ, ಮೈದಾ ಕುದಿಸಿ ಮಾಡಿದ್ದು. ಅದು ನೆನೆಯೋಕೆ ಕಾಲು ಗಂಟೆ ಬೇಕು. ಆ ಕಾಲು ಗಂಟೆ ನೀನು ಪಾತ್ರೆ ಮುಂದೆ ನಿಂತಿದ್ದೆಯಲ್ಲ, ಒಂದು ಸಲವಾದರೂ ನಾನು ನೆನಪಿಗೆ ಬಂದೆನಾ? ಬಂದಿರ್ತೀನಿ. ಬಂದ ಮೇಲೂ ಕೆರೆದೆಯಲ್ಲ, ಅದು ನನಗೆ ಇಳೀತಿಲ್ಲ.

ಗಿಣಿಗೆ ರಜೆ ಶುರುವಾಗಿದೆ ಅಂತ ಗೊತ್ತು. ಅವಳಪ್ಪನ ಜೊತೆ ನನ್ನ ಹತ್ತಿರ ಕಳಿಸು, ಹದಿನೈದು ದಿನ ಇರಲಿ. ನೀನು ಬರಬೇಡ. ನೀನು ಬಂದು ಬಾಗಿಲಲ್ಲಿ ಅತ್ತರೆ ನಾನು ಅಯ್ಯೋ ಪಾಪ ಅಂತ ಕೈ ಹಿಡಿದು ಒಳಗೆ ಕರೆದು, ಊಟಕ್ಕಿಟ್ಟು, ಎಲ್ಲವನ್ನೂ ಅಲ್ಲಿಗೇ ಮುಗಿಸಿಬಿಡ್ತೀನಿ. ಚಿಕ್ಕಂದಿನಿಂದ ಹಾಗೇ ಮುಗಿಸ್ಕೊಂಡು ಬಂದಿದ್ದೀನಿ. ಈ ಸಲ ಹಾಗೆ ಮುಗಿಸೋಕೆ ನನಗಿಷ್ಟ ಇಲ್ಲ.

ಯಾವಾಗ ಬರಬಹುದು ಅಂತ ನಾನೇ ಬರೀತೀನಿ. ಅಲ್ಲೀವರೆಗೆ ಕಾಯ್ತಾ ಇರು.

ಅಕ್ಕ